ಒಂದ್ ಸುತ್ತಿನ ಈರಣ್ಣ

ಆದೋನಿಯ ಗಾಣದಕಟ್ಟೆ ಚೌಕದ ನಡುವೆ ಒಂದು ಕಲ್ಲಿದೆ. ಅದು ಯಾರ ಕನಸಿಗೂ ಬಂದು ‘ನನ್ನನ್ನು ಎತ್ತಿ ನಿಲ್ಲಿಸು’ ಎಂದದ್ದಲ್ಲ, ಯಾವ ಸ್ವಾಮಿಗಳೂ ಪ್ರತಿಷ್ಠೆ ಮಾಡಿದ್ದಲ್ಲ. ಅದನ್ನು ಅಲ್ಲಿ ಇಡಿಸಿದವಳು ನಮ್ಮ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ ಗಾದಿಲಿಂಗಮ್ಮ. ಚೌಕದಲ್ಲಿ ಇಡಿಸುವ ಮೊದಲು ನಮ್ಮ ಪಡಸಾಲೆಯ ನೆಲದ ಮೇಲೆ ಹುಣಸೆ ಬೀಜಗಳ ನಡುವೆ ಒಂದು ಅಡಿಕೆ ಇಟ್ಟು, ಅದೇ ಕಲ್ಲೆಂದು ತಿಳಿದು, ಆಡಿ ನೋಡಿದ್ದಳು. ಆ ಆಟದಲ್ಲಿ ಕನ್ನಡ ಶಾಲೆಯ ಟೀಚರು ತುಳಸಿಬಾಯಿಯಾದ ನಾನು ರೈಲು ಗೇಟಾಗಿದ್ದೆ. ನಗುವವರು ನಗಲಿ, ನನಗೇನೂ ನಾಚಿಕೆಯಿಲ್ಲ.

ಗಾದಿಲಿಂಗಮ್ಮ ಪೆದ್ದಕಡುಬೂರಿನವಳು. ಅಪ್ಪ ಬಂಡಿ ಹೊಡೆಯುತ್ತಿದ್ದ. ತಾಯಿಯಿಲ್ಲದ ಮಗುವನ್ನು ಅಕ್ಕ ಮೂಕಮ್ಮ ಕಂಕುಳಲ್ಲಿ ಹೊತ್ತು ಬೆಳೆಸಿದಳು. ಹೆಸರಿಗೆ ಮೂಕಮ್ಮ, ಮಾತು ಮಾತ್ರ ಇಡೀ ಸಂತೆಗೆ ಸಾಕಾಗುವಷ್ಟು. ಇಬ್ಬರೂ ಮದುವೆಯಾಗಿ ಆದೋನಿಗೆ ಬಂದರು, ಇಬ್ಬರೂ ಹತ್ತಿ ಮಿಲ್ಲುಗಳಲ್ಲಿ ಕೂಲಿಗೆ ಸೇರಿದರು. ಗಾದಿಲಿಂಗಮ್ಮನ ಗಂಡ ದಸ್ತಗಿರಿ ಪೊಲೀಸು. ಮೊಹರಮ್ಮಿನ ಪೀರಲ ಹಬ್ಬದಲ್ಲಿ ಹರಕೆ ಹೊತ್ತು ಪಡೆದ ಮಗನೆಂದು ಅವನಪ್ಪ ಇಟ್ಟ ಹೆಸರದು. ಹಿಂದೂ ಮನೆಯ ಮಗನಿಗೆ ಪೀರರ ಹೆಸರಿಡುವುದು ನಮ್ಮ ಕಡೆ ಏನೂ ಹೊಸದಲ್ಲ. ಕಳ್ಳರನ್ನು ಅಟ್ಟಿ ಹಿಡಿಯುವ ಕಾಲು ಅವನಿಗಿರಲಿಲ್ಲ, ಹಿಡಿದವರನ್ನು ಬೈಯುವ ಬಾಯಿಯೂ ಇರಲಿಲ್ಲ. ಅದಕ್ಕೇ ಇರಬೇಕು, ಕೈಗೆ ಒಂದು ಸೀಟಿ ಕೊಟ್ಟು ಚೌಕದಲ್ಲಿ ನಿಲ್ಲಿಸಿದ್ದರು.

ಹೆಂಡತಿ ಅವನನ್ನು ‘ಮಾವ’ ಎನ್ನುತ್ತಿದ್ದಳು. ಛತ್ರಿ ಮರತಿ ಮಾವ, ಅಂಗಿ ಗುಂಡಿ ಹೋಗೈತಿ ಮಾವ, ರೊಟ್ಟಿ ಆರ್ತೈತಿ ಬಾ ಮಾವ. ಗೋಡೆಯ ಈಚೆ ಕೂತು ಮಕ್ಕಳ ಕಾಪಿ ತಿದ್ದುವ ನನಗೆ ಈ ಮಾವಪುರಾಣ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು. ಅದು ನಿಂತುಹೋದ ಮೇಲೆ ಆ ಮನೆ ಎಷ್ಟು ಬಿಕೋ ಎನ್ನುತ್ತದೆ ಎಂಬುದು ತಿಳಿಯಿತು.

ಅದು ನಿಂತದ್ದು ಬೆಂಕಿಯ ದಿನ. ಚೌಕದಲ್ಲಿ ನಾಲ್ಕು ದಾರಿ ಕೂಡುತ್ತವೆ: ಒಂದು ಕೌತಾಳಂ ಕಡೆಯದು, ಒಂದು ಕಡುಬೂರು ಕಡೆಯದು, ಮತ್ತೊಂದು ರೈಲು ಗೇಟಿನ ಕಡೆಯದು, ನಾಲ್ಕನೆಯದು ಹತ್ತಿ ಮಂಡಿಗೆ ಹೋಗುವುದು. ಹತ್ತಿ ಬರುವ ದಿನಗಳಲ್ಲಿ ತುಂಬಿದ ಬಂಡಿಗಳು ಮಂಡಿಗೆ ನುಗ್ಗುತ್ತವೆ, ಬರಿದಾದವು ಮಂಡಿಯಿಂದ ಊರಿಗೆ ನುಗ್ಗುತ್ತವೆ, ಎರಡೂ ನಡುಮಧ್ಯದಲ್ಲಿ ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತವೆ. ಲಾರಿಯಾದರೆ ಹಿಂದಕ್ಕೆ ಸರಿಯುತ್ತದೆ. ನೊಗ ಕಟ್ಟಿದ ಎತ್ತು, ಅದೂ ಹಿಂದೆ ಇನ್ನೊಂದು ಬಂಡಿ ಒತ್ತಿಕೊಂಡು ನಿಂತಿರುವಾಗ, ಎಲ್ಲಿಗೆ ಸರಿದೀತು? ನೀ ಸರಿ, ನೀ ಸರಿ ಎಂದು ಬಾರುಕೋಲು ಎತ್ತಿಕೊಂಡು ಜಗಳ. ದಸ್ತಗಿರಿಯ ಸೀಟಿ ಆ ಗದ್ದಲದಲ್ಲಿ ಗುಬ್ಬಿಯ ಕೂಗು.

ಅಂಥ ಒಂದು ಸೋಮವಾರ ಮಂಡಿಯ ಪಕ್ಕದ ಶೆಡ್ಡಿಗೆ ಬೆಂಕಿ ಬಿತ್ತು. ಮೂಕಮ್ಮ ಒಳಗೆ ಹತ್ತಿ ಆರಿಸುತ್ತಿದ್ದಳು. ಫೈರ್ ಇಂಜಿನ್ನು ಗೇಟಿನ ಆಚೆಯಿಂದ ಗಂಟೆ ಬಡಿಯುತ್ತ ಬಂದು ಚೌಕದ ಅಂಚಿಗೆ ನಿಂತಿತು, ನಿಂತೇ ಇತ್ತು. ಮುಂದೆ ಬಂಡಿ, ಹಿಂದೆ ಬಂಡಿ. ನಮ್ಮ ಶಾಲೆ ಚೌಕದ ಮೂಲೆಯಲ್ಲೇ ಇದ್ದದ್ದರಿಂದ ನಾನು ಕಾಂಪೌಂಡಿನ ಒಳಗಿನಿಂದ ಎಲ್ಲ ನೋಡಿದೆ. ದಸ್ತಗಿರಿ ಒಂದು ಎತ್ತಿನ ಮೂಗುದಾರ ಹಿಡಿದು ಎಳೆಯುತ್ತಿದ್ದ, ಅದು ಅವನನ್ನು ಎಳೆಯುತ್ತಿತ್ತು. ಶೆಡ್ಡಿನ ಮಾಡು ಕುಸಿದ ಸದ್ದು ನಮಗೆಲ್ಲ ಕೇಳಿಸಿತು. ಮೂಕಮ್ಮ ಹೊರಗೆ ಬರಲಿಲ್ಲ.

ಊರು ನಾಲ್ಕು ದಿನ ಮಾತಾಡಿತು. ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತಾರಲ್ಲ, ನಮ್ಮವರು ಬೆಂಕಿ ಆರಿದ ಮೇಲೂ ತೋಡಲಿಲ್ಲ. ಎಲ್ಲಿ ತೋಡಬೇಕೆಂದು ಚರ್ಚೆ ಮಾಡಿ ಎದ್ದರು. ಗಾದಿಲಿಂಗಮ್ಮ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಹೊತ್ತಿಗೆ ರೊಟ್ಟಿ ಬಡಿದಳು, ಅವನ ಖಾಕಿ ಒಗೆದು ಹಾಕಿದಳು. ಆದರೆ ಮಾವ ಎನ್ನುವುದನ್ನು ಬಿಟ್ಟಳು. ‘ಊಟ ಆಗೈತಿ’, ‘ನೀರು ಕಾದೈತಿ’ ಎಂದು ಗೋಡೆಗೆ ಹೇಳಿದಂತೆ ಹೇಳುವಳು. ಆ ಮನುಷ್ಯ ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿ ಉಣ್ಣುತ್ತಿದ್ದ.

ಬೇಸಿಗೆ ಬಂದ ಮೇಲೆ ಒಂದು ಸಂಜೆ ಅವಳು ನನ್ನ ಸೀಮೆಸುಣ್ಣ ಕೇಳಿ ತೆಗೆದುಕೊಂಡು ಪಡಸಾಲೆಯ ಕಡಪಾ ಕಲ್ಲಿನ ಮೇಲೆ ಚೌಕ ಬರೆದಳು. ಕಪ್ಪು ಹುಣಸೆ ಬೀಜವೆಂದರೆ ತುಂಬಿದ ಬಂಡಿ, ಚೌಕಾಬಾರಕ್ಕೆಂದು ಉಜ್ಜಿ ಬಿಳಿ ಮಾಡಿದವು ಬರಿಗಾಡಿ. ಕೆಂಪು ಬಳೆಯ ಒಂದು ಚೂರನ್ನು ಗೇಟಿನ ದಾರಿಯಲ್ಲಿ ಇಟ್ಟಳು. ಅಕ್ಕನ ಸುದ್ದಿ ಕೇಳಿ ಕೈಯನ್ನು ನೆಲಕ್ಕೆ ಬಡಿದಾಗ ಒಡೆದ ಬಳೆ ಅದು, ನಾನು ಆವತ್ತು ಪಕ್ಕದಲ್ಲೇ ಇದ್ದೆ.

“ಇದು ಫೈರಿಂಜನ್,” ಎಂದಳು ಗಂಡನ ಕಡೆ ನೋಡದೆ. “ಮಂಡಿಗೆ ಮುಟ್ಟಬೇಕು. ಬಂಡಿ ನಾ ಬಿಡ್ತೀನಿ. ದಾರಿ ನೀ ಮಾಡು.”

ಆಟದ ಕಟ್ಟಳೆಗಳೆಲ್ಲ ಅವಳವೇ. ಕವಡೆ ಎಷ್ಟು ಮೊಗಚಿದರೆ ಅಷ್ಟು ಬಂಡಿ ಚೌಕಕ್ಕೆ ಬರುತ್ತವೆ. ಯಾವ ಬೀಜವೂ ಹಿಂದಕ್ಕೆ ಹೋಗುವಂತಿಲ್ಲ. ದಸ್ತಗಿರಿ ಬೀಜ ಮುಟ್ಟುವಂತಿಲ್ಲ, ಬಾಯಲ್ಲಿ ಹೇಳಬಹುದು ಅಷ್ಟೇ: ಕಡುಬೂರು ನಿಲ್ಲು, ಮಂಡಿ ಹೊರಡು. ಗೇಟು ನಾನು. ಪೊರಕೆ ಕಡ್ಡಿ ಅಡ್ಡ ಹಿಡಿದು ಕೂತು ಕವಡೆ ಬಿದ್ದ ಹಾಗೆ ಎತ್ತಬೇಕು. “ನನಗ್ಯಾಕ ಈ ಉಸಾಬರಿ,” ಎಂದೆ. “ಗೇಟಿಗೆ ಮನಸು ಮರುಕ ಇರಬಾರ್ದು ಅಕ್ಕೋರ, ನೀವ ಸರಿ,” ಎಂದಳು. ನನ್ನ ಸ್ವಭಾವಕ್ಕೆ ಇದಕ್ಕಿಂತ ನೇರವಾದ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿಲ್ಲ.

ಅವನು ಸೋತ. ಮರುದಿನವೂ ಸೋತ. ಮಳೆಗಾಲವಿಡೀ, ದೀಪ ಹಚ್ಚಿ ಊಟಕ್ಕೆ ಮುಂಚೆ, ಆಟ ನಡೆದೇ ಇತ್ತು. ಮೊದಮೊದಲು ಅವಳು ಅವನನ್ನು ಹಿಂಸೆ ಮಾಡುತ್ತಿದ್ದಾಳೆ ಎಂದುಕೊಂಡು ನನಗೆ ಸಿಟ್ಟು ಬರುತ್ತಿತ್ತು. ಕ್ರಮೇಣ ನೋಡಿದರೆ ಹಾಗಿರಲಿಲ್ಲ. ಕೆಂಪು ಚೂರು ಸಿಕ್ಕಿಬಿದ್ದಾಗಲೆಲ್ಲ ಅವಳ ಮುಖದಲ್ಲಿ ಒಂದು ಸಮಾಧಾನ ಬರುತ್ತಿತ್ತು. ದಾರಿಯೇ ಇರಲಿಲ್ಲ ಎಂದಾದರೆ ಗಂಡನ ತಪ್ಪೇನು? ಅವನು ಸೋಲುತ್ತ ಹೋದಷ್ಟೂ ಅವನ ಪಾಪ ಕಳೆಯುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಒಂದೊಂದು ಸಲ ಗೆಲ್ಲುವ ಹಾಗೆ ಕಂಡರೆ ತಾನೇ ಬೇಕೆಂದು ತಪ್ಪು ಬಂಡಿ ಬಿಡಿಸುತ್ತಿದ್ದ. ಅದನ್ನು ಕಂಡ ಅವಳು, “ಸುಳ್ಳು ಆಡಬ್ಯಾಡ,” ಎಂದು ಬೀಜಗಳನ್ನೆಲ್ಲ ಬಾಚಿ ಮತ್ತೆ ಮೊದಲಿನಿಂದ ಇಡುವಳು.

ಅವನು ಗೆದ್ದ ಸಂಜೆ ಅದಕ್ಕೆ ಕಾರಣವಾದದ್ದು ನನ್ನ ಸಿಡುಕು. ಬೀಜಗಳು ನಡುವಿನಲ್ಲಿ ಮತ್ತೆ ಗಂಟು ಬಿದ್ದಿದ್ದವು, ನನಗೆ ಹಸಿವಾಗಿತ್ತು. “ಎಲ್ಲಾ ನಡುವ ಹಾಯ್ದು ಹೋಗ್ಲಿಕ್ಕೆ ಯಾಕ ಸಾಯ್ತಾವ?” ಎಂದೆ. “ಚೌಕಾಬಾರದಾಗ ಕಾಯಿ ಹೆಂಗ ಹೋಗ್ತಾವ? ಮನಿ ಸುತ್ತ ಹಾಕಿ ಹೋಗ್ತಾವಿಲ್ಲೋ?”

ಗಾದಿಲಿಂಗಮ್ಮ ಎಲೆಚೀಲದಿಂದ ಒಂದು ಅಡಿಕೆ ತೆಗೆದು ಚೌಕದ ನಡುವಿಗೆ ಇಟ್ಟಳು. “ಇದನ್ನ ಯಾರೂ ದಾಟಂಗಿಲ್ಲ,” ಎಂದಳು. “ಸುತ್ತಿ ಹೋಗ್ಬೇಕು.”

“ಯಾವ ಕಡಿಂದ ಸುತ್ತೂದು?” ಎಂದ ದಸ್ತಗಿರಿ.

“ಪ್ರದಕ್ಷಿಣಿ ಹಾಕೂದು ಯಾವ ಕಡಿಂದ?” ಎಂದೆ ನಾನು. “ಅಡಿಕಿ ಬಲಕ್ಕಿರಬೇಕು. ಅಪ್ರದಕ್ಷಿಣಿ ಹಾಕಬಾರದು.”

ಬೀಜಗಳು ಅಡಿಕೆಯನ್ನು ಬಲಕ್ಕಿಟ್ಟುಕೊಂಡು ಸುತ್ತತೊಡಗಿದವು. ಒಳಗೆ ಬರುವುದು ಎಡಕ್ಕೆ, ಹೊರಗೆ ಹೋಗುವುದು ಎಡಕ್ಕೆ. ಯಾವುದೂ ಯಾವುದರ ಮೂಗಿಗೂ ತಾಗಲಿಲ್ಲ. ನಾನು ಕಡ್ಡಿ ಎತ್ತಿದೆ. ಕೆಂಪು ಚೂರು ಕೌತಾಳಂ ಬಂಡಿಯ ಹಿಂದೆ ಸೇರಿಕೊಂಡು, ಅಡಿಕೆಯ ಪಕ್ಕ ಹಾಯ್ದು, ಮಂಡಿಗೆ ಹೋಗಿ ಮುಟ್ಟಿತು. ಅವಳು ಮತ್ತೊಮ್ಮೆ ಆಡಿಸಿದಳು, ಕವಡೆ ಬೇಕೆಂದೇ ಜಾಸ್ತಿ ಹಾಕಿ ಆಡಿಸಿದಳು. ಮುಟ್ಟಿತು.

ಮತ್ತೆ ಯಾರೂ ಕವಡೆಗೆ ಕೈ ಹಾಕಲಿಲ್ಲ. ಗೆದ್ದವರು ಹಾಗಿರುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ.

“ದಾರಿ ಇತ್ತು,” ಎಂದಳು ಗಾದಿಲಿಂಗಮ್ಮ. ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು. ದಸ್ತಗಿರಿ ಆ ಕೆಂಪು ಚೂರನ್ನೇ ನೋಡುತ್ತ ಕೂತ. ಅವತ್ತು ಅವರಿಬ್ಬರೂ ಉಣ್ಣಲಿಲ್ಲ. ಬಾಯಿ ಬಿಟ್ಟು ಚೌಕಾಬಾರ ಎಂದ ನನ್ನನ್ನು ನಾನೇ ಬೈದುಕೊಂಡೆ.

ಆದರೆ ಕಂಡ ದಾರಿಯನ್ನು ಮುಚ್ಚಿಡುವ ಜನ ಅವರಲ್ಲ. ಮುಂದಿನ ಹತ್ತಿ ಬರುವ ಹೊತ್ತಿಗೆ ದಸ್ತಗಿರಿ ಎಸ್ಸೈ ಸಾಹೇಬರ ಮುಂದೆ ನಿಂತು ಹೇಳಿದ. ಅವರು ಕರಾವಳಿ ಕಡೆಯ ತೆಲುಗಿನವರು, ಬೇಗ ವರ್ಗ ಮಾಡಿಸಿಕೊಂಡು ಹೋಗುವ ಆಸೆಯಲ್ಲಿದ್ದವರು. “ಚೂಡವಯ್ಯಾ, ಏದೋ ಒಕಟಿ ಚೇಯಿ,” ಎಂದರು. ಏನೋ ಒಂದು ಮಾಡು, ನನ್ನ ತಲೆ ತಿನ್ನಬೇಡ ಎಂದು ಅದರ ಅರ್ಥ. ಅವನು ಒಂದು ಡಾಂಬರಿನ ಡ್ರಮ್ಮು ತಂದು ನಡುವೆ ಇಟ್ಟ. ಬಂಡಿಯವರು ಅದಕ್ಕೆ ಗುದ್ದಿಕೊಂಡು ನೇರ ಹೋದರು. ಮರುದಿನ ಅದನ್ನು ಯಾರೋ ನೀರು ಕಾಯಿಸಲು ಮನೆಗೆ ಒಯ್ದರು.

“ಡ್ರಮ್ಮಿಗೆ ಯಾರು ಸುತ್ತು ಹಾಕ್ತಾರ?” ಎಂದಳು ಗಾದಿಲಿಂಗಮ್ಮ. ರಸ್ತೆಯ ಬದಿಯಲ್ಲಿ ಹಳೆಯ ಎಣ್ಣೆಗಾಣದ ಕಲ್ಲೊಂದು ಬಿದ್ದಿತ್ತು, ಚೌಕಕ್ಕೆ ಹೆಸರು ಬಂದದ್ದೇ ಅದರಿಂದ. ಮಿಲ್ಲಿನ ಹಮಾಲರನ್ನು ಕಾಡಿ ಬೇಡಿ ಅದನ್ನು ಉರುಳಿಸಿ ನಡುವಿಗೆ ನಿಲ್ಲಿಸಿದಳು. ಸುಣ್ಣ ಬಳಿದಳು. ಮೇಲೆ ಒಂದಿಷ್ಟು ಕುಂಕುಮ ಹಚ್ಚಿದಳು.

“ದೇವರನ್ನ ಆಟಕ್ಕ ಇಡಬಾರದು,” ಎಂದೆ ನಾನು.

“ದೇವರು ಅಂತ ನಾ ಎಲ್ಲಿ ಅಂದೀನಿ ಅಕ್ಕೋರ? ಕುಂಕುಮ ಹಚ್ಚೀನಿ, ಅಷ್ಟ.”

ಅಷ್ಟೇ ಸಾಕಾಯಿತು. ಸೀಟಿಗೆ ಬಗ್ಗದ, ಲಾಠಿಗೆ ಬಗ್ಗದ ಗಂಡಸರು ಕುಂಕುಮ ಕಂಡು ಹಗ್ಗ ಜಗ್ಗಿ ಎತ್ತುಗಳನ್ನು ಎಡಕ್ಕೆ ಹೊರಳಿಸಿದರು. ಕಲ್ಲನ್ನು ಬಲಕ್ಕಿಟ್ಟು, ಕೈ ಎದೆಗೆ ಮುಟ್ಟಿಸಿಕೊಂಡು, ಸುತ್ತಿ ಹೋದರು. ಪಡಸಾಲೆಯ ಆಟ ಚೌಕದಲ್ಲಿ ಇದ್ದಂತೆಯೇ ನಡೆಯಿತು. ಶಾಲೆಯ ಬಾಗಿಲಲ್ಲಿ ನಿಂತು ನೋಡಿದ ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ದಸ್ತಗಿರಿ ಸೀಟಿಯನ್ನು ಜೇಬಿಗೆ ಹಾಕಿ ಕೈಯಲ್ಲೇ ದಾರಿ ತೋರಿಸುತ್ತಿದ್ದ. ಮನೆಯಲ್ಲಿ ಮಾತ್ರ ‘ಮಾವ’ ಇನ್ನೂ ಹುಟ್ಟಲಿಲ್ಲ. ಹುಟ್ಟುವ ಲಕ್ಷಣವೂ ಕಾಣಲಿಲ್ಲ. ಬಂಡಿ ಸರಾಗ ಹೋದಷ್ಟೂ ಅವಳ ಮುಖ ಬಿಗಿಯುತ್ತಿತ್ತು.

ಕೆಟ್ಟದ್ದು ಕೌತಾಳಂನ ನರಸಣ್ಣನಿಂದ. ಅವನ ಎಡಗಡೆ ಎತ್ತು ಕುಂಟುತ್ತಿತ್ತು. ಎತ್ತಿನ ಕಾಲು ಸರಿಯಾದರೆ ಆ ಕಲ್ಲಿಗೆ ಮೂರು ಸುತ್ತು ಹಾಕಿ ಕಾಯಿ ಒಡೆಯುತ್ತೇನೆಂದು ಹರಕೆ ಹೊತ್ತನಂತೆ. ಉರುಕುಂದದ ದೇವರು ಈರಣ್ಣನೇ ಇಲ್ಲಿ ಬಂದು ನಿಂತಿದ್ದಾನೆ ಎಂದು ಅವನಿಗೆ ಯಾರು ಹೇಳಿದರೋ. ಎತ್ತಿನ ಕಾಲು ಸರಿಯಾಯಿತು. ಅವನು ಬಂಡಿ ಸಮೇತ ಮೂರು ಸುತ್ತು ಹಾಕಿ, ಬಂಡಿ ಅಲ್ಲೇ ನಿಲ್ಲಿಸಿ, ಇಳಿದು ಕಾಯಿ ಒಡೆದ.

ಆಮೇಲೆ ಕೇಳುವುದೇ ಬೇಡ. ಪ್ರದಕ್ಷಿಣೆ ಎಂದ ಮೇಲೆ ಅರ್ಧ ಸುತ್ತು ಹಾಕಿ ಹೋಗುವುದು ಅಪಚಾರವಲ್ಲವೇ? ಎಲ್ಲ ಬಂಡಿಗಳೂ ಮೂರು ಮೂರು ಸುತ್ತು ಹಾಕತೊಡಗಿದವು. ಕಲ್ಲಿನ ಬುಡಕ್ಕೆ ಹೂ ಮಾರುವ ಜಯಕ್ಕ ಬುಟ್ಟಿ ಇಟ್ಟುಕೊಂಡು ಕೂತಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಹೂವು ಏರಿಸದೆ ಹೋಗುವವರನ್ನು ಆಕೆ ಒಂದು ನೋಟ ನೋಡಿದರೆ ಸಾಕು, ಬಂಡಿ ನಿಲ್ಲುತ್ತಿತ್ತು. ಚೌಕ ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಂಡಿತು. ಮೊದಲು ಬಂಡಿಯವರು ಜಗಳವಾಡುತ್ತ ನಿಲ್ಲುತ್ತಿದ್ದರು, ಈಗ ಭಕ್ತಿಯಿಂದ ನಿಂತರು.

ಸಂಜೆ ಗಾದಿಲಿಂಗಮ್ಮ ಮತ್ತೆ ಬೀಜ ಹಾಕಿದಳು. ಪ್ರತಿ ಬೀಜಕ್ಕೂ ಮೂರು ಸುತ್ತು. ಕೆಂಪು ಚೂರು ಗೇಟಿನ ದಾರಿಯಲ್ಲೇ ಉಳಿಯಿತು. ಸಲ ಸಲವೂ ಉಳಿಯಿತು.

“ಆಡೂವಾಗ ನಾ ಬೀಜಕ್ಕ ಭಕ್ತಿ ಇಟ್ಟಿದ್ದಿಲ್ಲ ಅಕ್ಕೋರ,” ಎಂದಳು. “ಇನ್ನೊಬ್ರ ಅಕ್ಕ ಸುಟ್ಟು ಹೋದ್ರ ಈ ಸಲ ಅದು ನನ್ನ ಕೈಯಿಂದ ಆದಂಗ.”

ಎಸ್ಸೈ ಸಾಹೇಬರು ಕೆಂಡವಾದರು. ಕಲ್ಲು ತೆಗೆಸಲು ಮುನಿಸಿಪಾಲಿಟಿ ಕೂಲಿಗಳನ್ನು ಕಳಿಸಿದರು. ಅವರು ಹಾರೆ ತಂದು, ಕುಂಕುಮ ನೋಡಿ, ಹಾರೆಯನ್ನು ಪಕ್ಕಕ್ಕಿಟ್ಟು ಕೈ ಮುಗಿದು, ಜಯಕ್ಕನ ಹತ್ತಿರ ಪ್ರಸಾದ ತೆಗೆದುಕೊಂಡು ಹೋದರು. “ಪೆಟ್ಟಿಂದಿ ನುವ್ವೇ ಗದಯ್ಯಾ, ತೀಸೇದಿ ನುವ್ವೇ,” ಎಂದು ದಸ್ತಗಿರಿಗೆ ಅಪ್ಪಣೆಯಾಯಿತು. ಇಟ್ಟವನು ನೀನು, ತೆಗೆಯುವವನೂ ನೀನೇ. ಸೋಮವಾರದ ಗದ್ದಲ ಮುಗಿದ ಮೇಲೆ ತೆಗೆಯದಿದ್ದರೆ ಕೆಲಸದಿಂದ ತೆಗೆಯುತ್ತೇನೆ ಎಂದೂ ಸೇರಿಸಿದರು.

“ನಾ ಕಲ್ಲು ತೆಗದರ ಜನ ನನ್ನ ತೆಗೀತಾರ,” ಎಂದು ಅವನು ನನ್ನ ಮುಂದೆ ಹೇಳಿದ. ಹೆಸರು ದಸ್ತಗಿರಿ, ಹಾರೆ ಹಾಕುವುದು ಈರಣ್ಣನಿಗೆ. ಹೊರಗಿನವರು ಯಾರಾದರೂ ಇದನ್ನು ಬೇರೆ ರೀತಿ ತಿಳಿದುಕೊಂಡರೆ ಏನಾದೀತು ಎಂದು ನನಗೂ ಹೆದರಿಕೆ. ಗಾದಿಲಿಂಗಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು, ಹೊರಗೆ ಬರಲಿಲ್ಲ.

ಆ ಸೋಮವಾರ ಚೌಕದಲ್ಲಿ ಹಿಟ್ಟು ಚೆಲ್ಲಿದರೆ ನೆಲಕ್ಕೆ ಬೀಳದಷ್ಟು ಬಂಡಿ. ಮಧ್ಯಾಹ್ನದ ಬಿಸಿಲು. ನಾನು ನಾಲ್ಕನೇ ಕ್ಲಾಸಿಗೆ ಮಗ್ಗಿ ಹೇಳಿಸುತ್ತಿದ್ದೆ. ಕಿಟಕಿಯ ಹೊರಗೆ ಮಂಡಿಯ ಕಡೆ ಹೊಗೆ ಎದ್ದಿತು, ಹತ್ತಿಯ ಹೊಗೆ, ದಪ್ಪ ಬಿಳಿಯದು. ಮಿಲ್ಲಿನ ಗಂಟೆ ಬಡಿದುಕೊಂಡಿತು. ಮಕ್ಕಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿ ಶಾಲೆಯ ಗೇಟಿಗೆ ಓಡಿದೆ.

ಮಂಡಿಯ ದಾರಿಯಿಂದ ಜನ ಓಡಿ ಬರುತ್ತಿದ್ದರು, ಎಲ್ಲರಿಗಿಂತ ಮುಂದೆ ಗಾದಿಲಿಂಗಮ್ಮ. ಸೆರಗು ಸೊಂಟಕ್ಕೆ ಕಟ್ಟಿದ್ದಳು, ಕೂದಲಿಗೆಲ್ಲ ಹತ್ತಿ ಅಂಟಿತ್ತು. ಬೆಂಕಿ ಬಿದ್ದದ್ದು ಅವಳ ಮಿಲ್ಲಿನ ಪಕ್ಕದ ಶೆಡ್ಡಿಗೆ. ಒಳಗೆ ಹೆಂಗಸರಿದ್ದಾರೆ, ಬಾಗಿಲ ಕಡೆಯೇ ಉರಿ ಎಂದು ಯಾರೋ ಕೂಗಿ ಹೇಳಿದರು. ಉಳಿದವರು ಜೀವ ಉಳಿಸಿಕೊಳ್ಳಲು ಓಡಿದರೆ ಅವಳು ಓಡಿ ಬಂದದ್ದು ಚೌಕಕ್ಕೆ. ಬೆಂಕಿ ಎಲ್ಲಿ ಗೆಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಗೇಟಿನ ಕಡೆಯಿಂದ ಇಂಜಿನ್ನಿನ ಗಂಟೆ ಕೇಳಿಸಿತು. ಅದು ಬಂದು ನಿಂತದ್ದು ಹೋದ ವರ್ಷ ನಿಂತ ಜಾಗದಲ್ಲೇ. ದಸ್ತಗಿರಿ ಬಂಡಿಗಳ ನಡುವೆ ಕೈ ಜೋಡಿಸಿ ಬೇಡುತ್ತಿದ್ದ. ನರಸಣ್ಣನ ಬಂಡಿ ಎಲ್ಲಕ್ಕೂ ಮುಂದೆ.

“ನರಸಣ್ಣಾ, ಬಂಡಿ ಹೊರಗ ತಗಿ,” ಎಂದಳು ಗಾದಿಲಿಂಗಮ್ಮ.

“ಎರಡು ಸುತ್ತು ಆಗ್ಯಾವವ್ವ, ಒಂದು ಐತಿ. ನಡುವ ಬಿಟ್ರ ಎತ್ತಿಗೆ ಕೇಡು.”

ಅವನ ಹಿಂದಿನವನಿಗೂ ಒಂದು ಬಾಕಿ, ಅವನ ಹಿಂದಿನವನಿಗೆ ಎರಡು. ಯಾರಿಗೂ ಹೊಗೆ ಕಾಣದೆ ಇರಲಿಲ್ಲ. ಕಾಣುತ್ತಿತ್ತು, ಅದಕ್ಕೇ ಇನ್ನಷ್ಟು ಹೆದರಿ ದೇವರನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಇಂಜಿನ್ನಿನ ಗಂಟೆ ಬಡಿಯುತ್ತಲೇ ಇತ್ತು. ದಸ್ತಗಿರಿ ಹೆಂಡತಿಯ ಮುಖ ನೋಡಿದ. ಮತ್ತೆ ಅದೇ ದಿನ ಬಂತು ಎನ್ನುವುದು ಅವನ ಮುಖದಲ್ಲಿ ನನಗೇ ಕಂಡಿತು, ಅವಳಿಗೆ ಕಾಣದೆ ಇದ್ದೀತೇ?

ಗಾದಿಲಿಂಗಮ್ಮ ಜಯಕ್ಕನ ಬುಟ್ಟಿ ದಾಟಿ ಹೋಗಿ, ಕುಂಕುಮ ಹೂವು ಎಲ್ಲದರ ಮೇಲೆ, ಆ ಕಲ್ಲಿನ ಮೇಲೆ ಕೂತಳು. ಕಾಲು ಇಳಿಬಿಟ್ಟು, ಕಟ್ಟೆಯ ಮೇಲೆ ಕೂತಂತೆ ಕೂತಳು.

ಕಲ್ಲೆತ್ತಿ ಹೊಡೆಯುತ್ತಾರೆ ಎಂದೇ ನಾನು ಕಣ್ಣು ಮುಚ್ಚಿದೆ. ಒಬ್ಬ ಬಾರುಕೋಲು ಎತ್ತಿಯೂ ಎತ್ತಿದ. ಆಗ ಜಯಕ್ಕ ಎರಡೂ ಕೈ ಮುಗಿದು, “ಮೈಯಾಗ ಬಂದೈತಿ,” ಎಂದಳು. ಮೈಮೇಲೆ ದೇವರು ಬರದೆ ಯಾವ ಹೆಂಗಸು ದೇವರ ತಲೆಯ ಮೇಲೆ ಕೂತಾಳು? ಎತ್ತಿದ ಬಾರುಕೋಲು ಕೆಳಗಿಳಿಯಿತು. “ಏನು ಅಪ್ಪಣಿ ಸ್ವಾಮೀ,” ಎಂದ ನರಸಣ್ಣ.

“ಒಂದು ಸುತ್ತು ಸಾಕು,” ಎಂದಳು ಗಾದಿಲಿಂಗಮ್ಮ. “ಕಾಯಿ ಬ್ಯಾಡ, ಹೂವು ಬ್ಯಾಡ. ಹೊರಡ್ರಿ.”

ದನಿ ಎತ್ತಲಿಲ್ಲ, ಮೈ ತೂಗಲಿಲ್ಲ. ಪಡಸಾಲೆಯಲ್ಲಿ ಬೀಜಗಳ ಮುಂದೆ ಕೂತು ಆಡುವಾಗಿನ ದನಿಯೇ ಅದು. “ಕಡುಬೂರು ಬಂಡಿ, ನಿಲ್ಲು. ಮಂಡಿ ಕಡಿ ಬರಿಗಾಡಿ, ಎಡಕ್ಕ ಹೊರಳು. ಹೊರಗ ಹೋಗು. ಕೌತಾಳಂ, ನೀ ಬಾ.” ದಸ್ತಗಿರಿ ಒಂದು ಗಳಿಗೆ ಬೆಪ್ಪಾಗಿ ನಿಂತ. ಆಮೇಲೆ ಅವನ ಕೈ ಎದ್ದಿತು. ಅವಳು ಹೇಳುವ ದಾರಿಗೆ ಇವನ ಕೈ, ಇವನ ಕೈ ಹೋದ ಕಡೆ ಅವಳ ಮಾತು. ಇಷ್ಟು ದಿನ ಎದುರು ಬದುರು ಕೂತು ಆಡಿದವರು ಅವತ್ತು ಒಂದೇ ಕಡೆ ಆಡಿದರು. ಬಂಡಿಗಳು ಸುತ್ತಿದವು, ಬಿಚ್ಚಿಕೊಂಡವು, ಒಂದೊಂದಾಗಿ ಹೊರಬಿದ್ದವು.

“ಅಕ್ಕೋರ, ಗೇಟು,” ಎಂದಳು ಅವಳು, ನನ್ನನ್ನು ಎಲ್ಲಿ ಕಂಡಿದ್ದಳೋ. ನಾನು ಹುಚ್ಚಿಯ ಹಾಗೆ ಓಡಿ ಹೋಗಿ ಗೇಟಿನ ದಾರಿಯಲ್ಲಿ ಇಂಜಿನ್ನಿಗೆ ಅಡ್ಡವಿದ್ದ ಸೈಕಲ್ಲಿನವರನ್ನು ಛತ್ರಿಯಿಂದ ಬಡಿದು ಪಕ್ಕಕ್ಕೆ ಸರಿಸಿದೆ. ಇಂಜಿನ್ನು ಒಳಗೆ ಬಂದಿತು. ಕಲ್ಲನ್ನು ಬಲಕ್ಕಿಟ್ಟುಕೊಂಡು, ಅವಳ ಇಳಿಬಿಟ್ಟ ಕಾಲಿನ ಪಕ್ಕವೇ ಹಾಯ್ದು, ಮಂಡಿಯ ದಾರಿಗೆ ಹೊರಳಿತು. ಅವಳು ಅದನ್ನು ಕಾಣುವಷ್ಟು ದೂರ ನೋಡಿದಳು. ಆಮೇಲೆ ಕಲ್ಲಿನಿಂದ ಇಳಿದು, ರಸ್ತೆ ಬದಿಗೆ ಹೋಗಿ ವಾಂತಿ ಮಾಡಿಕೊಂಡಳು.

ಶೆಡ್ಡು ಉರಿದು ಹೋಯಿತು. ಹಿಂಗೋಡೆ ಒಡೆದು ಹೆಂಗಸರನ್ನು ಹೊರಗೆ ತಂದರು. ಕೈ ಸುಟ್ಟವರಿದ್ದರು, ಕೂದಲು ಸುಟ್ಟವರಿದ್ದರು, ಒಬ್ಬರೂ ಒಳಗೆ ಉಳಿಯಲಿಲ್ಲ.

ಆಮೇಲೆ ಎಸ್ಸೈ ಸಾಹೇಬರು ಕಲ್ಲಿನ ಮಾತೆತ್ತಲಿಲ್ಲ. ಕೆಲವು ವರ್ಷಗಳ ನಂತರ ಮುನಿಸಿಪಾಲಿಟಿಯವರೇ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿ, ತಮ್ಮದೇ ಯೋಜನೆ ಎಂಬಂತೆ ಮೇಲೊಂದು ದೀಪ ಹಾಕಿದರು. ಹೆಸರು ಮಾತ್ರ ಜನ ಇಟ್ಟದ್ದೇ ಉಳಿಯಿತು, ಒಂದ್ ಸುತ್ತಿನ ಈರಣ್ಣ. ಇವತ್ತಿಗೂ ಅಲ್ಲಿ ಯಾರೂ ಎರಡನೇ ಸುತ್ತು ಹಾಕುವುದಿಲ್ಲ, ಕಾಯಿ ಒಡೆಯುವುದಿಲ್ಲ, ಅಪ್ಪಣೆಯಿಲ್ಲ. ಗಾದಿಲಿಂಗಮ್ಮ ಮುದುಕಿಯಾಗುವವರೆಗೆ ಮಿಲ್ಲಿನಲ್ಲಿ ದುಡಿದಳು. ಕಾಲಿಗೆ ಬೀಳಲು ಬಂದವರನ್ನೆಲ್ಲ ಬೈದು ಅಟ್ಟುತ್ತಿದ್ದಳು. ಅವತ್ತು ನಿಜವಾಗಿ ಮೈಮೇಲೆ ಬಂದಿತ್ತೇ ಎಂದು ನಾನೂ ಒಮ್ಮೆ ಕೇಳಿದೆ, ತಡೆಯಲಾಗಲಿಲ್ಲ. “ಓಡಿ ಓಡಿ ಕಾಲು ಬಿದ್ದು ಹೋಗಿದ್ದುವು ಅಕ್ಕೋರ, ಕುಂತೆ,” ಎಂದಳು. ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಹೊರಡಲಿಲ್ಲ.

ಆದರೆ ನನಗೆ ನೆನಪಿರುವುದು ಆ ಸೋಮವಾರದ ಸಂಜೆ. ದಸ್ತಗಿರಿ ಮನೆಗೆ ಬಂದಾಗ ಅವಳು ಒದ್ದೆ ಬಟ್ಟೆ ಹಿಡಿದು ಪಡಸಾಲೆಯ ಚೌಕವನ್ನು ಒರೆಸುತ್ತಿದ್ದಳು. ಬೀಜಗಳು ಮೂಲೆಯಲ್ಲಿ ರಾಶಿಯಾಗಿದ್ದವು, ಕೆಂಪು ಚೂರು ಅವಳ ಎಡಗೈಯಲ್ಲಿತ್ತು. ಅವನು ಟೋಪಿ ತೆಗೆದು ಗೋಡೆಗೆ ಒರಗಿ ಕೂತ. ನಾನು ಅಲ್ಲಿದ್ದದ್ದನ್ನೂ ಮರೆತು, ಅಳುತ್ತ ಹೇಳಿದ.

“ಅವತ್ತೂ ಹಿಂಗ ದಾರಿ ಇತ್ತು, ಲಿಂಗಿ. ನನಗ ಕಾಣಲಿಲ್ಲ. ಅಕ್ಕನ್ನ ನಾ ಕೊಂದೆ.”

ಗಾದಿಲಿಂಗಮ್ಮನ ಕೈ ನಿಂತಿತು. ನೆಲದ ಮೇಲೆ ನಾಲ್ಕು ದಾರಿಗಳು ಅಳಿಸಿ ಹೋಗಿದ್ದವು, ನಡುವಿನ ಅಡಿಕೆಯ ಗುರುತು ಮಾತ್ರ ಉಳಿದಿತ್ತು. ಅವಳು ಅದನ್ನು ಒರೆಸಿದಳು.

“ಅವತ್ತು ಕಲ್ಲಿದ್ದಿಲ್ಲ, ಮಾವ,” ಎಂದಳು. “ಏಳು, ರೊಟ್ಟಿ ಆರ್ತೈತಿ.”